ಕುರಿಗೆ ಹೇಳಿದ ಮಾತು

ಬಿ.ಜಿ. ಕೆರೆಯ ಆಚೆಗಿನ ಹಟ್ಟಿಯಲ್ಲಿ ಮುದ್ದಪ್ಪನಷ್ಟು ಕುರಿಗಳಿಗೆ ಬಾಣಂತನ ಮಾಡಿದವರು ಇನ್ನೊಬ್ಬರಿಲ್ಲ. ನಲವತ್ತು ವರ್ಷದಿಂದ ಅವನದು ಅದೇ ಬದುಕು. ಮರಿ ಅಡ್ಡ ಸಿಕ್ಕಿಕೊಂಡರೆ ಕೈಹಾಕಿ ತಿರುಗಿಸಿ ತೆಗೆಯುತ್ತಾನೆ. ಮರಿಯನ್ನು ಹತ್ತಿರ ಸೇರಿಸದ ತಾಯಿಯನ್ನು ಪುಸಲಾಯಿಸಿ ಹಾಲು ಕುಡಿಸುತ್ತಾನೆ. ಯಾರ ಕುರಿ ರೊಪ್ಪದಲ್ಲಿ ಏನು ತೊಂದರೆಯಾದರೂ ಮೊದಲು ಅವನಿಗೇ ಕರೆ. ಆದರೆ ಮನುಷ್ಯರ ಬಸಿರು ಬಾಣಂತನದ ಮಾತು ಬಂತೆಂದರೆ ಈ ಮಹಾರಾಯ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದುಬಿಡುತ್ತಾನೆ. ಮಗಳು ಬಸಿರಾದ ಸುದ್ದಿಯನ್ನು ಹೆಂಡತಿ ದೊಡ್ಡಕ್ಕ ಹೇಳಿದಾಗಲೂ "ಹ್ಞೂಂ, ಮಳೆ ಬರಂಗೈತೆ" ಅಂದಿದ್ದ. ಆವತ್ತು ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

ಮಗಳು ಸ್ವಪ್ನಳನ್ನು ಕೊಟ್ಟಿರುವುದು ಚಳ್ಳಕೆರೆಗೆ. ಅಳಿಯ ಅಲ್ಲಿ ಎಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದಾನೆ. ಹೆರಿಗೆ ಅಲ್ಲೇ ಸುಸೂತ್ರವಾಗಿ ಆಗಿ, ಐದನೇ ದಿನಕ್ಕೆ ತಾಯಿ ಮಗು ಇಬ್ಬರೂ ತವರಿಗೆ ಬಂದರು. ಹೆಣ್ಣು ಮಗು. ದೊಡ್ಡಕ್ಕ ಬಾಣಂತಿಯನ್ನು ಒಳಕೋಣೆಗೆ ಸೇರಿಸಿ, ಬಾಗಿಲಿಗೆ ಹಳೆಯ ಸೀರೆ ಇಳಿಬಿಟ್ಟು, ಮೂರು ವಾರ ಹೊಸಿಲು ದಾಟುವಂತಿಲ್ಲ ಎಂದು ಅಪ್ಪಣೆ ಮಾಡಿದಳು. ಮುದ್ದಪ್ಪನಿಗೆ ಮೊಮ್ಮಗಳ ಮುಖ ಕಾಣಲು ಸಿಗುತ್ತಿದ್ದುದು ನೀರೆರೆದು ಹೊರಗೆ ತಂದಾಗ ಮಾತ್ರ. ಅಷ್ಟಕ್ಕೇ ಅವನು ಸುಖವಾಗಿದ್ದ.

ಎರಡು ವಾರ ತುಂಬುತ್ತಿದ್ದಂತೆ ಮಗುವಿನ ಅಳು ಬದಲಾಯಿತು. ಹಸಿದ ಮರಿಯ ಕೂಗು ಯಾವುದು, ಹಟದ ಕೂಗು ಯಾವುದು ಎಂದು ಮುದ್ದಪ್ಪನಿಗೆ ಯಾರೂ ಹೇಳಿಕೊಡಬೇಕಿಲ್ಲ. ಇದು ಹಸಿವಿನದೇ. ಬೆಳಿಗ್ಗೆ ಜಗಲಿಯ ಮೇಲೆ ಚಹಾ ಕುಡಿಯುತ್ತ ಕೂತವನು ಕಿವಿಗೊಟ್ಟ.

"ಎಡಗಡೆ ಕೊಡಬ್ಯಾಡ ಅಂದೆನಲ್ಲ," ಒಳಗಿನಿಂದ ದೊಡ್ಡಕ್ಕನ ದನಿ. "ಕಲ್ಲಾದಂಗಾಗೈತೆ, ಕೆಂಪಗಾಗೈತೆ. ಆ ಹಾಲು ಕೆಟ್ಟೈತೆ. ಕೂಸಿನ ಹೊಟ್ಟೆಗೆ ಹೋದ್ರೆ ಏನು ಗತಿ?"

"ಮೊನ್ನೆಯಿಂದ ಕೊಟ್ಟಿಲ್ಲವ್ವ. ಅವಾಗಿಂದ ನೋವು ಇನ್ನೂ ಜಾಸ್ತಿ ಆಗೈತೆ. ಚಳಿ ಬೇರೆ ಬರ್ತೈತೆ."

"ಯಾರ್ದೋ ಕಣ್ಣು ಬಿದ್ದೈತೆ. ಬೇವಿನ ಸೊಪ್ಪು ಅರೆದು ಹಚ್ತೀನಿ, ಇಳೀತೈತೆ."

ಮುದ್ದಪ್ಪ ಚಹಾದ ಲೋಟ ಕೆಳಗಿಟ್ಟ. ನಾಲ್ಕು ವರ್ಷದ ಹಿಂದೆ ಅವನ ಮಂದೆಯಲ್ಲಿ ಒಂದು ಕರಿ ಕುರಿ ಇತ್ತು. ಅದಕ್ಕೆ ಕೆಚ್ಚಲು ಬಾವು ಬಂದು, ಮುಟ್ಟಿದರೆ ಕೈ ಸುಡುವಷ್ಟು ಕಾವು. ಪಾಪ, ನೋಯುತ್ತದಲ್ಲ ಎಂದು ಅವನೇ ಮರಿಯನ್ನು ಬೇರೆ ಕಟ್ಟಿದ. ಕಟ್ಟಿಕೊಂಡ ಹಾಲು ಹೊರಬರದೆ ಮೂರೇ ದಿನಕ್ಕೆ ಆ ಭಾಗ ಕಪ್ಪಿಟ್ಟಿತು. ಮರಿ ಸತ್ತಿತು. ತಾಯಿ ಉಳಿಯಿತು, ಆದರೆ ಆ ಕಡೆಯಿಂದ ಮತ್ತೆ ಒಂದು ಹನಿ ಹಾಲೂ ಇಳಿಯಲಿಲ್ಲ. ಪಶು ಡಾಕ್ಟರು ಆಮೇಲೆ ಬಂದು, ಮರಿಯನ್ನು ಬಿಡಿಸಬಾರದಿತ್ತು ಮಾರಾಯ ಅಂದಿದ್ದರು. ಅಷ್ಟು ವರ್ಷದ ಅನುಭವವೆಲ್ಲ ಆವತ್ತು ಮಣ್ಣುಪಾಲಾಯಿತು ಎಂದು ಅವನಿಗೆ ಅನಿಸಿತ್ತು. ಈಗ ಒಳಗೆ ಮಗಳಿಗೆ ಎರಡು ದಿನ ಆಗಿಹೋಗಿದೆ.

ದೊಡ್ಡಕ್ಕ ಬೇವಿನ ಸೊಪ್ಪಿಗೆ ಹೊರಗೆ ಬಂದಳು. ಮುದ್ದಪ್ಪ ಗಂಟಲು ಸರಿಮಾಡಿಕೊಂಡ.

"ಅಲ್ಲ ಕಣೇ, ನಮ್ಮ ಕರಿ ಕುರಿ ನೆನಪೈತಾ?"

"ಮಗಳು ಜ್ವರದಾಗೆ ಬಿದ್ದವಳೆ, ನಿನಗೆ ಕುರಿ ಚಿಂತೆ."

"ಅದಕ್ಕೂ ಹಿಂಗೇ..." ಅಂದು ಅವನು ಎದೆಯ ಕಡೆ ಕೈ ತೋರಿಸಲು ಹೋಗಿ, ನಾಚಿಕೆಯಾಗಿ ಆ ಕೈಯಿಂದ ಮೀಸೆ ತಿರುವಿಕೊಂಡ.

ದೊಡ್ಡಕ್ಕನಿಗೆ ಅರ್ಥವಾಯಿತು, ಆದ್ದರಿಂದಲೇ ಸಿಟ್ಟು ನೆತ್ತಿಗೇರಿತು. "ನನ್ನ ಮಗಳೇನು ಕುರಿಯಾ? ಗಂಡಸಾಗಿ ಇಂಥದಕ್ಕೆಲ್ಲ ಮೂಗು ತೂರಿಸ್ತೀಯಲ್ಲ" ಎಂದು ಸೊಪ್ಪು ಕಿತ್ತುಕೊಂಡು ಒಳಗೆ ಹೋದಳು. ಅವಳ ಮೇಲೂ ತಪ್ಪು ಹೊರಿಸುವಂತಿಲ್ಲ. ಅವಳ ಅವ್ವ ಹೇಳಿದ್ದನ್ನು ಅವಳು ಮಾಡುತ್ತಿದ್ದಳು, ಮಗುವಿನ ಮೇಲಿನ ಪ್ರಾಣದಿಂದಲೇ ಮಾಡುತ್ತಿದ್ದಳು.

ಮುದ್ದಪ್ಪ ಸ್ವಲ್ಪ ಹೊತ್ತು ಕೂತ. ಮಗು ಮತ್ತೆ ಅತ್ತಿತು. ಎದ್ದು ರೊಪ್ಪಕ್ಕೆ ಹೋಗಿ, ಈದು ವಾರವಾಗಿದ್ದ ಒಂದು ಕುರಿಯನ್ನು ಎಳೆದುಕೊಂಡು ಬಂದ. ಅದನ್ನು ನಡುಮನೆಯೊಳಗೇ ತಂದು, ಸೀರೆ ಇಳಿಬಿಟ್ಟ ಬಾಗಿಲ ಮುಂದೆ ನಿಲ್ಲಿಸಿ, ಅದರ ಪಕ್ಕ ಕುಕ್ಕರಗಾಲಲ್ಲಿ ಕೂತ. ಆ ಕುರಿಗೆ ಯಾವ ಕಾಯಿಲೆಯೂ ಇರಲಿಲ್ಲ.

"ನೋಡವ್ವಾ," ಅಂದ ಕುರಿಗೆ, ಹೊಲದಾಚೆಗೂ ಕೇಳುವಷ್ಟು ಗಟ್ಟಿಯಾಗಿ. "ಬಾವು ಬಂತು ಅಂತ ಮರೀನ ಬಿಡಿಸಬಾರದು. ಮರಿಗೇ ಕುಡಿಸಬೇಕು. ಕುಡಿದು ಮಿಕ್ಕಿದ್ದನ್ನ ಕೈಯಾಗೆ ಮೆಲ್ಲಗೆ ಹಿಂಡಿ ತೆಗೀಬೇಕು. ಕಟ್ಟಿಕೊಂಡ್ರೆನೇ ಕೇಡು."

ಕುರಿ ಅವನ ಕಂಬಳಿಯ ಅಂಚು ಮೂಸಿತು.

"ಇವನಿಗೇನು ತಲೆ ಕೆಟ್ಟೈತಾ?" ದೊಡ್ಡಕ್ಕ ಒಳಗಿನಿಂದ ಅಂದಳು.

"ಅವ್ವಾ, ಸುಮ್ನಿರು," ಇದು ಸ್ವಪ್ನಳ ದನಿ. ಆಮೇಲೆ ಸೀರೆಯ ಆಚೆಯಿಂದ ಮಗಳು ಕೇಳಿದಳು: "ಅಪ್ಪಾ, ಆ ಹಾಲು ಕುಡಿದ್ರೆ ಮರಿಗೆ ಏನೂ ಆಗಲ್ವಾ?"

ಮುದ್ದಪ್ಪ ಕುರಿಯ ಮುಖವನ್ನೇ ನೋಡುತ್ತ ಹೇಳಿದ. "ಕರಿ ಕುರಿ ಮರಿ ಹಾಲು ಕುಡಿದು ಸಾಯಲಿಲ್ಲವ್ವ. ಹಾಲು ಸಿಗದೆ ಸತ್ತಿತು. ನಾನೇ ಬಿಡಿಸಿ ಕಟ್ಟಿದ್ದೆ."

"ಕುರಿಗೆ ಜ್ವರಾನೂ ಬಂದಿದ್ರೆ?"

"ಜ್ವರ ಬಂದ್ರೆ ಡಾಕ್ಟ್ರು ನೋಡಬೇಕು. ಆವತ್ತು ತಡ ಮಾಡಿಬಿಟ್ಟೆ."

ಒಳಗೆ ಮಂಚ ಕಿರುಗುಟ್ಟಿತು. ಸ್ವಪ್ನ ನೋವಿಗೆ ಒಮ್ಮೆ ಮುಲುಗಿದ್ದು ಹೊರಗೂ ಕೇಳಿಸಿತು, ಅದರ ಹಿಂದೆಯೇ ಮಗುವಿನ ಅಳು ನಿಂತಿತು. ಮುದ್ದಪ್ಪ ಕುರಿಯನ್ನು ಅಲ್ಲೇ ಬಿಟ್ಟು ಹಟ್ಟಿಯ ಸೂರಪ್ಪನ ಆಟೋ ಕರೆಯಲು ಓಡಿದ.

ಆಟೋ ಬಂದಾಗ ದೊಡ್ಡಕ್ಕ ಬಾಗಿಲಿಗೆ ಅಡ್ಡ ನಿಂತಳು. ಮೂರು ವಾರ ಆಗಿಲ್ಲ, ಹೊಸಿಲು ದಾಟಿಸಬಾರದು ಅಂದಳು. "ಈ ಹೊಸಿಲು ಇಟ್ಟವನು ನಾನು," ಅಂದ ಮುದ್ದಪ್ಪ. "ನಾನೇ ದಾಟಿಸ್ತೀನಿ." ಮದುವೆಯಾದಾಗಿನಿಂದ ಅವನು ಹೀಗೆ ಎದುರುತ್ತರ ಕೊಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಮಗುವನ್ನು ಎತ್ತಿಕೊಂಡು ತಾನೇ ಮೊದಲು ಆಟೋ ಹತ್ತಿ ಕೂತಳು.

ಮೊಳಕಾಲ್ಮೂರಿನ ಆಸ್ಪತ್ರೆಯಲ್ಲಿ ಸಾಲು ಉದ್ದವಿತ್ತು, ಸಾಲಿನಲ್ಲಿ ಗಂಡಸರೂ ಇದ್ದರು. ನರ್ಸ್ ಶೈಲಜಾ ಚೀಟಿ ಬರೆಯುತ್ತ ಏನಾಗಿದೆ ಎಂದು ಕೇಳಿದಾಗ ದೊಡ್ಡಕ್ಕ ಸೆರಗು ಬಾಯಿಗೆ ಇಟ್ಟುಕೊಂಡು "ಜ್ವರ ಕಣ್ರಿ, ಅಷ್ಟೇ" ಅಂದಳು. ಸ್ವಪ್ನ ತಲೆ ತಗ್ಗಿಸಿದಳು. ಬರೀ ಜ್ವರವಾದರೆ ಸಾಲಿನಲ್ಲಿ ಕೂತಿರಿ ಎಂದರು ನರ್ಸ್.

ಕಂಬದ ಹತ್ತಿರ ನಿಂತಿದ್ದ ಮುದ್ದಪ್ಪ ಮುಂದೆ ಬಂದ. ಇಲ್ಲಿ ಯಾವ ಕುರಿಯೂ ಇರಲಿಲ್ಲ.

"ಜ್ವರ ಅಷ್ಟೇ ಅಲ್ಲ ಕಣ್ರಮ್ಮ. ನನ್ನ ಮಗಳಿಗೆ ಮೊಲೆ ಬಾವು ಬಂದೈತೆ. ಎಡಗಡೆ. ಎರಡು ದಿನ ಕೂಸಿಗೆ ಕುಡಿಸದೆ ನಿಲ್ಲಿಸಿದ್ವಿ. ಬೇಗ ನೋಡ್ರಿ."

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವನ ಕಿವಿ ಕೆಂಡದಂತಾಯಿತು, ಆದರೆ ಕದಲಲಿಲ್ಲ. ನರ್ಸ್ ಪೆನ್ನು ಕೆಳಗಿಟ್ಟು ಸ್ವಪ್ನಳನ್ನು ನೇರ ಒಳಗೆ ಕರೆದುಕೊಂಡು ಹೋದರು.

ಅರ್ಧ ಗಂಟೆಯ ಮೇಲೆ ಡಾಕ್ಟರಮ್ಮ ಹೊರಗೆ ಬಂದು ಹೇಳಿದರು: ಕೀವು ಕಟ್ಟಿಲ್ಲ, ಕೊಯ್ಯುವುದು ಬೇಡ. ಮಾತ್ರೆ ತಪ್ಪಿಸಬಾರದು. ಹಾಲು ಕೆಟ್ಟಿಲ್ಲ, ಎರಡೂ ಕಡೆ ಕುಡಿಸಬೇಕು, ನಿಲ್ಲಿಸಲೇಬಾರದು. ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು. ಮುದ್ದಪ್ಪನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ದೊಡ್ಡಕ್ಕ ಪಕ್ಕದಲ್ಲಿ ಕೂತು, ಅವನ ಕಂಬಳಿಯಿಂದಲೇ ಕಣ್ಣು ಒರೆಸಿಕೊಂಡಳು.

ಎರಡನೇ ದಿನಕ್ಕೆ ಜ್ವರ ಬಿಟ್ಟಿತು. ನಾಲ್ಕನೇ ದಿನ ಬೆಳಿಗ್ಗೆ ಎಳೆಬಿಸಿಲು ಬಿದ್ದಾಗ ಸ್ವಪ್ನ ಮಗುವನ್ನೆತ್ತಿಕೊಂಡು ಜಗಲಿಗೆ ಬಂದು, ಅಪ್ಪನ ಪಕ್ಕದಲ್ಲೇ ಕೂತು, ಸೆರಗಿನ ಮರೆಯಲ್ಲಿ ಹಾಲಿಗೆ ಹಾಕಿಕೊಂಡಳು. ದೊಡ್ಡಕ್ಕ ನೋಡಿಯೂ ನೋಡದವಳಂತೆ ಅಂಗಳ ಗುಡಿಸಿದಳು. ಮುದ್ದಪ್ಪ ಅಭ್ಯಾಸಬಲದಿಂದ ಎದ್ದು ಹೊರಡಲು ನೋಡಿದ.

"ಕೂತ್ಕೋ ಅಪ್ಪ," ಅಂದಳು ಮಗಳು.

ಅವನು ಕೂತ. ಮಗು ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತಾದ ಮೇಲೆ, ಮಗಳ ಮುಖವನ್ನೇ ನೋಡಿ, ನೇರವಾಗಿ ಕೇಳಿದ.

"ಈಗ ನೋವೈತೇನವ್ವ?"

"ಇಲ್ಲಪ್ಪ," ಅಂದಳು ಸ್ವಪ್ನ.