ಪೆಟ್ಟಿಗೆ ಬರೆದು ಮುಗಿಸಲಿ

ಹೋದ ವರ್ಷ ಹೋಳಿ ಹುಣ್ಣಿಮೆ ಮುಗಿದಿತ್ತು, ಯುಗಾದಿ ಇನ್ನೂ ಬರಬೇಕಿತ್ತು. ಆ ನಡುವಿನ ಬಿಸಿಲಿನಲ್ಲಿ ನಮ್ಮ ಮನೆಯ ಮಗ್ಗ ನಿಂತು ನಿಂತು ಎಲ್ಲರ ತಲೆ ಕೆಡಿಸಿತು. ಮಗ್ಗಕ್ಕಿಂತ ಹೆಚ್ಚು ತಲೆ ಕೆಡಿಸಿದವನು ನನ್ನ ಮಗ ಈರಣ್ಣ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅದಕ್ಕೇ ಬರೆಯಲು ಕುಳಿತಿದ್ದೇನೆ.

ನಮ್ಮದು ರಾಮದುರ್ಗದ ಹತ್ತಿರದ ಊರು, ನೇಕಾರರ ಮನೆ. ನಾನು ಸಾಲಿ ಕಲಿತದ್ದು ಮೂರನೇ ಇಯತ್ತೆ. ಉಳಿದದ್ದೆಲ್ಲ ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತು ಕಲಿತದ್ದು. ಈಗ ಆ ಕುಣಿ ಮುಚ್ಚಿ ಫರಸಿ ಹಾಕಿದ್ದಾರೆ, ಅದರ ಮೇಲೆ ಕರೆಂಟಿನ ಮಗ್ಗ ನಿಂತಿದೆ. ಮೊದಲು ಸೆರಗಿನಲ್ಲಿ ಹೂವು ಬರಬೇಕೆಂದರೆ ತೂತು ಹೊಡೆದ ರಟ್ಟುಗಳ ಸರ ಮಗ್ಗದ ತಲೆಯ ಮೇಲೆ ತಿರುಗುತ್ತಿತ್ತು. ಹಿಂದಿನ ದೀಪಾವಳಿಗೆ ಈರಣ್ಣ ಆ ರಟ್ಟು ತೆಗೆಸಿ ಕಂಪ್ಯೂಟರ್ ಪೆಟ್ಟಿಗೆ ಹಾಕಿಸಿದ. ಯಾವ ಎಳೆ ಏಳಬೇಕು, ಯಾವ ಎಳೆ ಇಳಿಯಬೇಕು ಅನ್ನುವುದನ್ನು ಈಗ ಆ ಪೆಟ್ಟಿಗೆ ಹೇಳುತ್ತದೆ. ಮುಂದೆ ಅಂಗೈ ಅಗಲದ ಪರದೆ, ಮೇಲೆ ಗಾಳಿಯಾಡಲು ಉದ್ದುದ್ದ ಸೀಳು.

ಮಗ್ಗ ಮುಂಜಾನೆ ಈರಣ್ಣನ ಕೈಯಲ್ಲಿ, ಊಟ ಆದಮೇಲೆ ಸೊಸೆ ಶೋಭಾಳ ಕೈಯಲ್ಲಿ. ಅವಳು ಈ ಮನೆಗೆ ಬಂದಾಗಿನಿಂದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ನಮ್ಮಲ್ಲಿ ಹೆಂಗಸರಿಗೆ ಅದೇ ಕೆಲಸ. ಪೆಟ್ಟಿಗೆ ಬಂದಮೇಲೆ ಅದರ ಗುಂಡಿ ಒತ್ತುವುದನ್ನು ಗಂಡನಿಗಿಂತ ಮೊದಲು ಕಲಿತಳು, ಮಗ್ಗಕ್ಕೆ ಕುಳಿತಳು. ಅವಳು ನೇಯ್ದ ಸೆರಗು ನೋಡಿ ಬೈಲಹೊಂಗಲದ ಅಂಗಡಿಯವರು ಮದುವೆ ಸೀರೆಗಳಿಗೆ ಹೇಳಿಕಳಿಸಿದರು. "ಆ ಹೆಣಮಗಳು ನೇಯ್ದದ್ದ ಬೇಕು" ಅಂದರಂತೆ. ಅದನ್ನು ಹೇಳುವಾಗ ಈರಣ್ಣನ ಮುಖ ಅರ್ಧ ನಕ್ಕಿತ್ತು, ಅರ್ಧ ನಕ್ಕಿರಲಿಲ್ಲ.

ನಮ್ಮ ಕಡೆ ಅಮಾವಾಸ್ಯೆಗೆ ದುಡಿಯುವ ಸಾಮಾನಿಗೆಲ್ಲ ಪೂಜೆ ಉಂಟು. ನನ್ನ ಗಂಡ ಇದ್ದಾಗ ಮಗ್ಗದ ಕಂಬಕ್ಕೆ ವಿಭೂತಿ, ಎರಡು ಊದಿನಕಡ್ಡಿ, ಮುಗಿಯಿತು. ಈರಣ್ಣನದು ಹಾಗಲ್ಲ. ಪೆಟ್ಟಿಗೆಗೆ ಹೂವಿನ ಸರ, ಕುಂಕುಮ, ಕಡೆಗೆ ಹಿಡಿ ತುಂಬ ಅರಿಶಿನ ಹಚ್ಚಿದ ಅಕ್ಕಿಕಾಳು. ಮದುವೆಯ ಗಂಡಿನ ತಲೆಯ ಮೇಲೆ ಒಗೆದಂತೆ ಒಗೆಯುತ್ತಿದ್ದ. "ಸ್ವಲ್ಪ ಒಗಿಯೋ, ಅದೇನ್ ಮದಿವಿ ಆಗಾಕ ಕುಂತೈತೇನು" ಅಂದಿದ್ದೆ. ನಕ್ಕು ಇನ್ನೊಂದು ಹಿಡಿ ಒಗೆದ.

ಹೋಳಿ ಆದಮೇಲೆ ಒಂದು ಮಧ್ಯಾಹ್ನ ಮಗ್ಗ ತಟ್ಟನೆ ನಿಂತಿತು. ಪರದೆ ಕಪ್ಪಾಗಿ ಅದರ ಮೇಲೆ ಬಿಳಿ ಅಕ್ಷರ ಇರುವೆ ಸಾಲಿನ ಹಾಗೆ ಹರಿಯತೊಡಗಿದವು. ಶೋಭಾ ಬಗ್ಗಿ ಓದಲು ಹೋದಳು. ಅಷ್ಟರಲ್ಲಿ ಈರಣ್ಣ ಓಡಿ ಬಂದು ಗೋಡೆಯ ಸ್ವಿಚ್ ಆರಿಸಿಯೇ ಬಿಟ್ಟ. ಯಾರೋ ಗೋಡೆಯ ಮೇಲೆ ಕೆಟ್ಟ ಮಾತು ಬರೆದಿದ್ದಾರೆ, ಓಣಿಯವರು ನೋಡುವ ಮೊದಲು ಅಳಿಸಬೇಕು ಅನ್ನುವಂಥ ಅವಸರ.

ಆರಿಸಿದವನು ಕೈಕಾಲು ತೊಳೆದು ಬಂದು ಆರತಿ ಮಾಡಿದ, ಅಕ್ಕಿಕಾಳು ಒಗೆದ, ಮತ್ತೆ ಚಾಲೂ ಮಾಡಿದ. ಮಗ್ಗ ನಡೆಯಿತು. "ನೋಡಬೇ, ದೃಷ್ಟಿ ಆಗಿತ್ತು" ಅಂದ.

ಮರುದಿನ ಮಧ್ಯಾಹ್ನ ಮತ್ತೆ ನಿಂತಿತು. ಮತ್ತೆ ಸ್ವಿಚ್ಚು, ಮತ್ತೆ ಆರತಿ, ಮತ್ತೆ ಅಕ್ಕಿಕಾಳು. ಆಮೇಲೆ ಅಮಾವಾಸ್ಯೆಯ ಪೂಜೆ ಸಾಲದೆ ಮಂಗಳವಾರ, ಶುಕ್ರವಾರವೂ ಶುರುವಾದವು. ನಿಂತಷ್ಟೂ ಅಕ್ಕಿ, ಅಕ್ಕಿ ಒಗೆದಷ್ಟೂ ನಿಲ್ಲುವುದು. ಪ್ರತಿ ಸಲ ನಿಂತಾಗಲೂ ಸೆರಗಿನ ಹೂವು ಅರ್ಧಕ್ಕೆ ತುಂಡಾಗಿ, ನೇಯ್ದದ್ದನ್ನು ಬಿಚ್ಚಬೇಕಾಗುತ್ತಿತ್ತು. ಬಿಚ್ಚುವವಳು ಶೋಭಾ. ಬೈಸಿಕೊಳ್ಳುವವಳೂ ಶೋಭಾ.

"ಮುಂಜಾಲೆ ನನ್ನ ಕೈಯಾಗ ಬರೋಬ್ಬರಿ ಇರತೈತಿ. ನೀ ಕುಂತ್ರನ ಯಾಕ ನಿಲ್ಲತೈತಿ?"

"ಪೆಟಿಗಿ ಕಾದೈತ್ರಿ. ಕೈ ಇಡಾಕ ಬರವಲ್ದು, ಮುಟ್ಟಿ ನೋಡ್ರಿ."

"ಮಶೀನ್ ಅಂದ ಮ್ಯಾಲ ಕಾಯತೈತಿ. ಈ ಬಿಸಲಾಗ ನೀ ಕಾದಿಲ್ಲೇನು?"

"ಕಾದೇನ್ರಿ" ಅಂದಳು ಶೋಭಾ, ಎಳೆ ಬಿಚ್ಚುತ್ತ. ಅವಳು ಯಾವುದರಿಂದ ಕಾದಿದ್ದಾಳೆ ಅನ್ನುವುದು ಅವನ ತಲೆಗೆ ಹೋಗಲಿಲ್ಲ.

ಕಡೆಗೆ ನಾನೇ ಹಟ ಹಿಡಿದು ಪೆಟ್ಟಿಗೆ ಹಾಕಿದ ಕಂಪನಿಗೆ ಫೋನು ಮಾಡಿಸಿದೆ. ಎತ್ತಿದವಳು ಒಬ್ಬ ಹುಡುಗಿ, ಶಬಾನಾ ಅಂತ, ಅಲ್ಲಿಯ ಎಂಜಿನಿಯರ್. ಮಾತು ನಮ್ಮ ಕಡೆಯದೇ. ಫೋನಿನ ಸ್ಪೀಕರ್ ಹಾಕಿಸಿ ಹತ್ತಿರ ಕುಳಿತೆ.

"ನಿಂತಾಗ ಪರದೆ ಮ್ಯಾಲ ಏನ್ ಬಂದಿತ್ರಿ ಸರ್?"

"ಏನೋ ಇಂಗ್ಲೀಷ್ ಬಂದಿತ್ರಿ. ಆರಿಸಿಬಿಟ್ಟೆ."

"ಓದಿದ್ರೇನು?"

"ಓದೂದ್ಯಾಕ್ರಿ? ಕೆಟ್ಟದ್ದು ಕಾಣತೈತಲ್ಲ."

 "ಸರ್, ಮುಂದಿನ ಸಲ ಆರಿಸಬ್ಯಾಡ್ರಿ. ಫೋಟೋ ಹೊಡದು ಕಳಸ್ರಿ" ಅಂದಳು. ಈರಣ್ಣ ಹೂಂ ಅಂದ. ಮರುದಿನ ನಿಂತಾಗ ಮತ್ತೆ ಆರಿಸಿದ. ಅವಳು ಮತ್ತೆ ಕೇಳಿದಳು, ಇವನು ಮತ್ತೆ "ಕೈ ತಾನ ಹೋತ್ರಿ" ಅಂದ. ನನಗೆ ರೇಗಿತು. ಫೋನು ಕಸಿದುಕೊಂಡು ನಾನೇ ಕೇಳಿದೆ.

"ಅಲ್ಲವಾ, ಆ ಅಕ್ಷರ ಯಾಕ ಬರತಾವು? ನಮಗ ಬೈಯಾಕತ್ತೈತೇನು ಅದು?"

"ಬೈಯೂದಿಲ್ರಿ ಅಜ್ಜಿ, ಕಾರಣಾ ಹೇಳಾಕತ್ತೈತಿ. ಪೆಟಿಗಿ ಒಳಗ ಕರ್ನೆಲ್ ಅಂತ ಇರತೈತ್ರಿ. ಮನಿ ಹಿರೇರು ಇದ್ದಂಗ, ಎಲ್ಲಾ ಕೆಲಸ ಅವರನ್ನ ಕೇಳೇ ನಡೀಬೇಕು. ಸಣ್ಣ ತಪ್ಪು ಆದ್ರ ಅವರ ಸಂಭಾಳಿಸಿ, ಇಂಥಾದ್ದು ಆತು ಅಂತ ಬರದಿಟ್ಟು ಮುಂದ ನಡೀತಾರ. ತಮ್ಮ ಮ್ಯಾಲ ತಮಗ ಭರೋಸಾ ಹೋತಂದ್ರ ಮಾತ್ರ ಎಲ್ಲಾ ನಿಲ್ಲಸ್ತಾರ."

"ಯಾಕ ನಿಲ್ಲಸಬೇಕು? ಹಂಗ ನಡಸ್ಕೊಂತ ಹೋದ್ರ ಏನ್ ಗಂಟು ಹೋಗತೈತಿ?"

"ತಪ್ಪು ನೇಯತೈತ್ರಿ ಅಜ್ಜಿ. ತಪ್ಪು ನೇಯೂದಕ್ಕಿಂತ ನಿಲ್ಲೂದು ಚಲೋ. ನಿಂತು, ಏನಾತು, ಎಲ್ಲಿ ಆತು ಅಂತ ಬರದು ತೋರಸತೈತಿ. ನೀವು ಅದು ಬರಿಯೂವಾಗನ ಕರೆಂಟ್ ತಗೀತೀರಿ. ನನಗ ಇಲ್ಲಿ ಕುಂತು ಹೆಂಗ ಗೊತ್ತಾಗಬೇಕು?"

ಅದು ನನಗೆ ಒಂದೇ ಮಾತಿಗೆ ತಿಳಿಯಿತು. ಎಳೆ ಹರಿದರೆ ಮಗ್ಗ ನಿಲ್ಲಿಸಬೇಕು. ನನ್ನ ಅತ್ತೆ ನನಗೆ ಕಲಿಸಿದ ಮೊದಲ ಪಾಠ ಅದು. ಹರಿದ ಎಳೆ ಕಂಡೂ ಕಾಣದಂತೆ ನೇಯ್ದವಳ ಸೀರೆ ಪೇಟೆಯಿಂದ ತಿರುಗಿ ಬರುತ್ತದೆ. ಪೆಟ್ಟಿಗೆಗೂ ಅಷ್ಟು ಬುದ್ಧಿ ಇದೆ. ನೇಕಾರರ ಹೊಟ್ಟೆಯಲ್ಲಿ ಹುಟ್ಟಿದ ನನ್ನ ಮಗನಿಗೆ ಇಲ್ಲ.

ಇವನು ಆಗಲೇ ಬೇರೆ ವಿಚಾರ ಮಾಡಿಕೊಂಡಿದ್ದ. ಸವದತ್ತಿಯಲ್ಲಿರುವ ನನ್ನ ತಮ್ಮನ ಮಗ ಮಲ್ಲೇಶಿ ಒಳ್ಳೆಯ ನೇಕಾರ. ಅವನಿಗೆ, ಶೋಭಾಳ ಕೈಗುಣ ಬರುತ್ತಿಲ್ಲ, ಯುಗಾದಿ ಮುಗಿಸಿಕೊಂಡು ಬಾ, ಮಧ್ಯಾಹ್ನದ ಪಾಳಿ ನಿನ್ನದು ಅಂತ ಹೇಳಿಬಿಟ್ಟ. ಶೋಭಾ ಮತ್ತೆ ಕಂಡಿಕೆ ಸುತ್ತಬೇಕು.

"ಆಕಿನ್ನ ಕೇಳಿಯೇನು?" ಅಂದೆ.

"ಕೇಳೂದೇನೈತಿ? ಆಕಿ ಕೈಗುಣ ಬರವಲ್ದು."

ಶೋಭಾ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸಪ್ಪಳ ನಿಂತಿತು. ಸ್ವಲ್ಪ ತಡೆದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ಒಳಗೆ ಹೋಗಿ "ಏನವಾ?" ಅಂದೆ. "ಏನಿಲ್ರಿ ಅತ್ತಿ" ಅಂದಳು. ಈ ಮನೆಯಲ್ಲಿ ಎಲ್ಲರಿಗೂ ಏನೂ ಆಗಿರುವುದಿಲ್ಲ.

ಮರುದಿನ ಊಟ ಆದಮೇಲೆ ನಾನು ಸ್ಟೂಲು ಎಳೆದುಕೊಂಡು ಸ್ವಿಚ್ಚಿಗೆ ಬೆನ್ನು ಹಚ್ಚಿ ಕುಳಿತೆ. ಕೈಯಲ್ಲಿ ನನ್ನ ಬಡಿಗೆ. ಶೋಭಾ ನೇಯುತ್ತಿದ್ದಳು. ಬಿಸಿಲು ಹೊಸ್ತಿಲು ದಾಟಿ ಒಳಗೆ ಬರುವ ಹೊತ್ತಿಗೆ ಮಗ್ಗ ನಿಂತಿತು, ಪರದೆಯ ಮೇಲೆ ಇರುವೆ ಸಾಲು ಶುರುವಾಯಿತು. ಪಡಸಾಲೆಯಲ್ಲಿ ಮಲಗಿದ್ದ ಈರಣ್ಣ ಓಡಿಬಂದ.

"ಸರೀಬೇ ಅತ್ತಾಗ."

"ಸರಿಯೂದಿಲ್ಲ."

"ಯವ್ವಾ, ಪೆಟಿಗಿ ಸುಟ್ಟು ಗಿಟ್ಟು ಹೋದೀತು!"

"ಹೋಗಲಿ. ಏನ್ ಹೇಳತೈತೋ ಹೇಳಿ ಹೋಗಲಿ. ಕೈ ಮುಂದ ಬಂತಂದ್ರ ಬಡಿಗಿ ಬೀಳತೈತಿ ನೋಡು."

"ಹುಚ್ಚ ಹಿಡದೈತೇನು ನಿನಗ?"

"ಹಿಡದೈತಿ. ಶೋಭಾ, ನೀ ಫೋಟೋ ಹೊಡಿಯವಾ."

ಶೋಭಾ ಗಂಡನ ಮುಖ ನೋಡಿದಳು, ನನ್ನ ಬಡಿಗೆ ನೋಡಿದಳು. ಬಡಿಗೆಯನ್ನು ನಂಬಿದಳು. ಅಕ್ಷರ ಹರಿಯುವುದು ನಿಂತು ಕಡೆಯ ಸಾಲು ಅಲ್ಲಾಡದೆ ಉಳಿದಮೇಲೆ ಫೋಟೋ ಹೊಡೆದು ಶಬಾನಾಗೆ ಕಳಿಸಿದಳು. ಆಮೇಲೆಯೇ ನಾನು ಎದ್ದದ್ದು. ಈರಣ್ಣ ಸ್ವಿಚ್ ಆರಿಸಿದ, ನನ್ನ ಕಡೆ ನೋಡದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತ.

ಶೋಭಾ ಇನ್ನೂ ನೀರು ಕುಡಿಯುತ್ತಿದ್ದಳು, ಆಗಲೇ ಶಬಾನಾಳ ಫೋನು ಬಂತು.

"ಕಡೀ ಸಾಲಿನಾಗ ನಾ ನಿಲ್ಲತೇನಿ ಅಂದೈತ್ರಿ. ಅದಕ್ಕಿಂತ ಮ್ಯಾಗಿನ ಸಾಲೆಲ್ಲಾ ಒಂದ ಮಾತು ಬರದಾವು. ಕಾಯಾಕತ್ತೇನಿ, ಕಾಯಾಕತ್ತೇನಿ ಅಂತ. ಒಳಗ ಒಂದು ಸಣ್ಣ ಫ್ಯಾನ್ ಐತಿ, ಅದು ತಿರಗವಲ್ದು ಕಾಣತೈತಿ. ಸ್ಕ್ರೂ ಬಿಚ್ಚಿ ನೋಡ್ರಿ."

ಈರಣ್ಣ ಬಂದು ಬಿಚ್ಚಿದ. ಮುಚ್ಚಳ ತೆಗೆದಾಗ ಒಳಗಿನಿಂದ ಹೊರಟದ್ದು ಪೂಜೆಯ ಮನೆಯ ವಾಸನೆ. ಫ್ಯಾನಿನ ರೆಕ್ಕೆಗಳ ನಡುವೆ ಅರಿಶಿನದ ಅಕ್ಕಿಕಾಳು ಗಿಡಿದಿದ್ದವು. ಕೆಲವು ಹೊಸವು, ಕೆಲವು ಕಾದು ಕಂದು ಬಣ್ಣಕ್ಕೆ ತಿರುಗಿದ್ದವು. ಅದರ ಮೇಲೆ ಕುಂಕುಮ, ನೂಲಿನ ದೂಳು. ಮೇಲಿನ ಸೀಳುಗಳಿಂದ ಎಲ್ಲ ಒಳಗಿಳಿದಿತ್ತು.

"ಏನ್ ಸಿಕ್ತ್ರಿ ಸರ್?" ಅಂತ ಫೋನಿನಲ್ಲಿ ಶಬಾನಾ ಕೇಳುತ್ತಲೇ ಇದ್ದಳು. ಈರಣ್ಣ ಮುಚ್ಚಳ ತಿರುವಿ ತಿರುವಿ ನೋಡುತ್ತಿದ್ದ.

ನಾನೇ ಹೇಳಿದೆ. "ಅಕ್ಷತಿ ಸಿಕ್ಕೈತವಾ. ಇನ್ನೊಂದು ವಾರ ಬಿಟ್ಟಿದ್ರ ಅನ್ನಾನ ಆಗತಿತ್ತು."

ಆ ಹುಡುಗಿ ನಕ್ಕಳು. ಆಮೇಲೆ ಎಲ್ಲ ಬಿಡಿಸಿ ಹೇಳಿದಳು. ಮುಂಜಾನೆಯ ತಂಪಿಗೆ ಫ್ಯಾನ್ ಇಲ್ಲದೆಯೂ ಪೆಟ್ಟಿಗೆ ತಾಳುತ್ತಿತ್ತು, ಮಧ್ಯಾಹ್ನದ ಬಿಸಿಲಿಗೆ ತಾಳುತ್ತಿರಲಿಲ್ಲ. ಮಧ್ಯಾಹ್ನ ಶೋಭಾಳ ಪಾಳಿ. ಆರಿಸಿ ಆರತಿ ಮುಗಿಸುವಷ್ಟರಲ್ಲಿ ಅದು ತಣ್ಣಗಾಗಿ ಮತ್ತೆ ನಡೆಯುತ್ತಿತ್ತು. ಕೈಗುಣವೂ ಅಷ್ಟೇ, ದೃಷ್ಟಿಯೂ ಅಷ್ಟೇ. ಶೋಭಾ ಹಳೆಯ ಬ್ರಷ್ಷು ತಂದು ಕಾಳು ಕೆದರಿ ತೆಗೆದಳು, ಫ್ಯಾನ್ ತಿರುಗಿತು. ಅಂದಿನಿಂದ ಮಧ್ಯಾಹ್ನ ಮಗ್ಗ ನಿಲ್ಲಲಿಲ್ಲ. ಬೈಲಹೊಂಗಲದ ಸೀರೆ ಮುಂದೆ ನಡೆದವು.

ಈರಣ್ಣ ಮಾತ್ರ ಹೆಂಡತಿಗೆ ಒಂದು ಮಾತೂ ಅನ್ನಲಿಲ್ಲ. ಯುಗಾದಿ ಅಮಾವಾಸ್ಯೆಗೆ ಅಪ್ಪನ ಹಾಗೆ ಕಂಬಕ್ಕೆ ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಪೂಜೆ ಮುಗಿಸಿದ. ಮಲ್ಲೇಶಿಗೆ ಬರಬೇಡ ಅಂತ ಹೇಳುವುದನ್ನೂ ಮರೆತ. ಮರೆತನೋ, ಹೇಳಲು ಬಾಯಿ ಬರಲಿಲ್ಲವೋ.

ಹಬ್ಬ ಮುಗಿಸಿ ಮಲ್ಲೇಶಿ ಚೀಲ ಹಿಡಿದು ಬಂದೇಬಿಟ್ಟ. ಊಟದ ನಂತರದ ಹೊತ್ತು, ಶೋಭಾ ನೇಯುತ್ತಿದ್ದಳು. ಅವಳು ಒಮ್ಮೆ ಆ ಚೀಲ ನೋಡಿ ಮತ್ತೆ ಮಗ್ಗದ ಕಡೆ ತಿರುಗಿದಳು.

"ಅತ್ತೀ, ಆರಾಮೇನು? ಮಗ್ಗ ಚಲೋನ ನಡದೈತಲ್ಲ" ಅಂದು ಮಲ್ಲೇಶಿ ಈರಣ್ಣನ ಕಡೆ ನೋಡಿದ. "ಏನಾಗಿತ್ತೋ ಅದಕ್ಕ?"

"ಏನಿಲ್ಲೋ, ಸಣ್ಣದು. ಸರಿ ಆತು. ಬಾ, ಚಾ ಕುಡಿ."

ನನಗೆ ನೆತ್ತಿಗೇರಿತು. "ಈರಣ್ಣಾ, ಅರ್ಧಕ್ಕ ಆರಸಬ್ಯಾಡ. ಪೂರಾ ಹೇಳು" ಅಂದೆ.

"ಬಿಡಬೇ, ಬಳಗದವರ ಮುಂದ..."

"ಬಳಗದವರ ಮುಂದನ ಆಕಿ ಕೈಗುಣ ಬರೂದಿಲ್ಲ ಅಂತ ಹೇಳಿಕಳಿಸಿದ್ದಿ. ಹೇಳು."

ಅವನು ಗೋಡೆ ನೋಡುತ್ತ ನಿಂತ. ಬಡಿಗೆ ನನ್ನ ಕೈಯಲ್ಲೇ ಇತ್ತು, ಅದರ ಕೆಲಸ ಬೀಳಲಿಲ್ಲ.

"ನಾ ಒಗದ ಅಕ್ಕಿಕಾಳು ಫ್ಯಾನಿನಾಗ ಸಿಕ್ಕಿದ್ವು" ಅಂದ ಮೆಲ್ಲಗೆ. "ಕಾದೈತಿ ಅಂತ ಶೋಭಾ ಮದ್ಲ ಹೇಳಿದ್ಲು. ನಾ ಕೇಳಲಿಲ್ಲ. ಆಕಿದೇನೂ ತಪ್ಪಿರಲಿಲ್ಲ."

ಮಗ್ಗ ಖಟಖಟ ಅನ್ನುತ್ತಿತ್ತು. ಶೋಭಾ ಕೈಯೆತ್ತಿ ಅದನ್ನು ನಿಲ್ಲಿಸಿದಳು. ಮನೆ ಒಮ್ಮೆಲೇ ಸುಮ್ಮನಾಯಿತು. ಅವಳು ಹಿಂದೆ ತಿರುಗಲಿಲ್ಲ.

"ಸಪ್ಪಳದಾಗ ಕೇಳಲಿಲ್ರಿ. ಇನ್ನೊಮ್ಮಿ ಹೇಳ್ರಿ."

ಈರಣ್ಣ ಇನ್ನೊಮ್ಮೆ ಹೇಳಿದ, ಮೊದಲಿನಿಂದ ಕೊನೆಯವರೆಗೆ. ಶೋಭಾ ಪೂರ್ತಿ ಕೇಳಿದಳು, ಹೂಂ ಅಂದಳು, ಮಗ್ಗ ಚಾಲೂ ಮಾಡಿದಳು. ಮಲ್ಲೇಶಿ ಚಾ ಕುಡಿದು, ಹೋಳಿಗೆ ಕಟ್ಟಿಸಿಕೊಂಡು ಸಂಜೆಯ ಬಸ್ಸಿಗೆ ಹೋದ.

ಮಗ ಬದಲಾದ ಅಂತ ಬರೆದರೆ ಸುಳ್ಳಾಗುತ್ತದೆ. ಈಗಲೂ ಮಗ್ಗ ಯಾವುದಕ್ಕಾದರೂ ನಿಂತರೆ ಅವನ ಕೈ ಮೊದಲು ಸ್ವಿಚ್ಚಿನ ಕಡೆಗೇ ಹೋಗುತ್ತದೆ. ನಾನು ಕುಳಿತಲ್ಲಿಂದ ಕೆಮ್ಮುತ್ತೇನೆ. ಕೈ ಹಿಂದೆ ಬರುತ್ತದೆ. ಆಮೇಲೆ ಪರದೆಯ ಕಡೆ ಕಣ್ಣು ಕಿರಿದು ಮಾಡಿ ನೋಡಿ, "ಶೋಭಾ, ಏನ್ ಬರದೈತಿ ನೋಡು ಬಾ" ಅಂತ ಕರೆಯುತ್ತಾನೆ.