ಸೋಡಾದಲ್ಲಿ ಮರೆತ ಹಾಳೆ

ಕೆಲಸಕ್ಕೆ ಸೇರಿದ ಮೊದಲ ವಾರವೇ ವೆಂದೆಲ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, "ಸಿಕ್ತು! ಇಷ್ಟ್ ದೊಡ್ಡ ನ್ಯೂಟ್ರಾನ್ ಗುರುತು ಯಾರೂ ಕಂಡಿಲ್ಲ!" ಎಂದು ಕೂಗಿದ. ಬುಡಾ ಗುಡ್ಡದ ಪ್ರಯೋಗಾಲಯಕ್ಕೆ ಪ್ರಯೋಗಾಲಯವೇ ಓಡಿಬಂತು. ಗುರುತು ಎಣಿಸುವ ಎತೆಲ್ಕಾ, ಅಲ್ಲಿ ಎಲ್ಲರಿಗೂ 'ಅತ್ತೆ', ಕಣ್ಣಿಟ್ಟು ನೋಡಿದರು.

"ಗಸಗಸೆ ಕಾಳು, ನೀನ್ ತಿಂದ ತಿಂಡೀದು. ಮೀಸೆ ಒರೆಸ್ಕೋ ಮಗಾ."

ಈಗ ಆ ಮೀಸೆ ನರೆತಿದೆ. ಬಾಹ್ಯಾಕಾಶ ನೌಕೆಯೊಳಗಿನ ನ್ಯೂಟ್ರಾನ್‌ಗಳನ್ನು ಯಂತ್ರವೇ ಎಣಿಸಿ ಕಳಿಸುತ್ತದೆ. ಆದರೂ ಆ ಕೋಣೆ ನೆನಪಾದರೆ ವೆಂದೆಲ್‌ಗೆ ಕಾಸ್ಟಿಕ್ ಸೋಡಾದ ಘಾಟೂ ಹಿತವೆನಿಸುತ್ತದೆ.

ಆಗ ಆಕಾಶಕ್ಕೆ ಹೋಗುತ್ತಿದ್ದುದು ಅಂಚೆಚೀಟಿಯಷ್ಟು ಪ್ಲಾಸ್ಟಿಕ್ ಹಾಳೆ. ನ್ಯೂಟ್ರಾನ್ ತಾನಾಗಿ ಗುರುತು ಬಿಡುವ ಪೈಕಿಯಲ್ಲ; ದಾರಿಯಲ್ಲಿ ಯಾರನ್ನೋ, ಅಂದರೆ ಇನ್ನೊಂದು ಕಣವನ್ನು, ತಳ್ಳಿ ಹೋಗುತ್ತದೆ, ತಳ್ಳಿಸಿಕೊಂಡವನು ಹಾಳೆಯಲ್ಲಿ ಗೀರೆಳೆಯುತ್ತಾನೆ. ಬಿಸಿ ಸೋಡಾದಲ್ಲಿ ನೆನೆಸಿದರೆ ಗೀರು ಗುಂಡಿಯಾಗಿ ಕಾಣುತ್ತದೆ. ಹೊತ್ತು ಮೀರಿದರೆ ಗುಂಡಿಗಳು ಒಂದನ್ನೊಂದು ನುಂಗುತ್ತವೆ. ನೆಲದಲ್ಲೇ ಉಳಿದ ಜೋಡಿ ಹಾಳೆಯನ್ನೂ ಜೊತೆಗೇ ನೆನೆಸುವುದು ಅತ್ತೆಯ ಕಟ್ಟಳೆ: ನೆಲದ ಲೆಕ್ಕ ಕಳೆದರೆ ಉಳಿದದ್ದು ಆಕಾಶದ್ದು. ಅವರು ಪೇಚ್ ಊರಿನಲ್ಲಿ ಚರ್ಮದ ಕೈಗವಸು ಹೊಲಿದು ಬಂದವರು. ಹೊಲಿಗೆ ಎಣಿಸಿ ಪಳಗಿದ ಕಣ್ಣಿಗೆ ಗುಂಡಿ ಎಣಿಸುವುದು ರಜೆಯಿದ್ದಂತೆ.

ಅಕ್ಟೋಬರಿನಲ್ಲಿ ವೆಂದೆಲ್‌ನ ಹೆಸರಿನ ದಿನ, ಅಂದರೆ ಕ್ಯಾಲೆಂಡರಿನಲ್ಲಿ ಆ ಹೆಸರಿಗೆ ಮೀಸಲಾದ ದಿನ, ಬಂತು. ಹೆಸರಿನ ದಿನ ಕುಡಿಸದವನು ಅಲ್ಲಿ ಮನುಷ್ಯನೇ ಅಲ್ಲ. ತಿಂಗಳುಗಟ್ಟಲೆ ಭೂಮಿ ಸುತ್ತಿ ಬಂದ ಒಂದೇ ಒಂದು ಹಾಳೆ ಅವತ್ತೇ ಸೋಡಾದಲ್ಲಿತ್ತು, ಕಾವಲು ವೆಂದೆಲ್‌ನದು. ಪಕ್ಕದ ಕೋಣೆಯಲ್ಲಿ ಅತ್ತೆಯ ತಮ್ಮ ಭಟ್ಟಿಯಿಳಿಸಿದ ಪಾಲಿಂಕಾ. ಮುಖ್ಯಸ್ಥ ಡಾಕ್ಟರ್ ಕಾಲ್ಮಾನ್ ಸುರಿಯುತ್ತಲೇ ಇದ್ದರು: "ಇನ್ನೊಂದೇ ಲೋಟ ಕಣೋ, ಹೆಸರಿಟ್ಟಿದ್ದು ಸಾರ್ಥಕ ಆಗ್ಲಿ!" ಹಾಳೆ ನೆನಪಾಗಿ ವೆಂದೆಲ್ ಓಡಿದಾಗ ಗುಂಡಿಗಳೆಲ್ಲ ಹಳ್ಳಗಳಾಗಿದ್ದವು.

"ಅತ್ತೇ, ನನ್ ಕತೆ ಮುಗೀತು. ಮನೆಗೆ ಕಳಿಸ್ತಾರೆ."

"ಸುಮ್ನೆ ಕೂತ್ಕೋ. ಜೋಡಿ ಹಾಳೇನೂ ಅಷ್ಟೇ ಹೊತ್ತು ಬೆಂದಿದೆ ತಾನೆ? ಬಿಡಿಸಿ ಬಿಡಿಸಿ ಎಣಿಸೋಣ. ಅಳೋದಾದ್ರೆ ಆ ಕಡೆ ತಿರುಗಿ ಅಳು, ಲೆನ್ಸ್ ಒದ್ದೆಯಾಗುತ್ತೆ."

ಚಳಿಗಾಲವೆಲ್ಲ ಇಬ್ಬರೂ ಕೂಡಿಹೋದ ಗುಂಡಿಗಳನ್ನು ಎಣಿಸಿದರು. ಅತ್ತೆ ಹೇಳಬೇಕು, ವೆಂದೆಲ್ ಬರೆಯಬೇಕು. "ಇದು ಗಂಡ-ಹೆಂಡ್ತಿ, ಎರಡು ಅಂತ ಬರಿ. ಇದು ಅತ್ತೇನೂ ಜೊತೆಗಿರೋ ಸಂಸಾರ, ಮೂರು." ಜೀವನದಲ್ಲಿ ಅಷ್ಟು ಹೆದರಿಕೊಂಡು ಅಷ್ಟು ನಕ್ಕದ್ದು ವೆಂದೆಲ್‌ಗೆ ಮತ್ತೆ ನೆನಪಿಲ್ಲ.

ಲೆಕ್ಕವೇನೋ ತನ್ನ ಕಾಲ ಮೇಲೆ ನಿಂತಿತು, ಸ್ವಲ್ಪ ಕುಂಟುತ್ತಾ. ಕಾಲ್ಮಾನ್ ಮುಖ ಗಂಟಿಕ್ಕಿಕೊಂಡು ಬಂದರು.

"ಹಾಳೆ ಯಾರಿಂದ ಕೆಟ್ಟಿತು ಅಂತ ಮೇಲಿನೋರು ಕೇಳ್ತಿದಾರೆ. ಯಾರ ಹೆಸರು ಹೇಳ್ಲಿ, ಎತೆಲ್ಕಾ?"

ವೆಂದೆಲ್ ಕಣ್ಣು ಮುಚ್ಚಿಕೊಂಡ. ಅತ್ತೆ ಲೆನ್ಸ್ ಒರೆಸುವುದನ್ನು ನಿಲ್ಲಿಸಲಿಲ್ಲ.

"ಹೆಸರಿನ ದಿನ ಇವನದು, ಪಾಲಿಂಕಾ ನನ್ನದು, 'ಇನ್ನೊಂದೇ ಲೋಟ' ನಿಮ್ಮದು. ನೀವೇ ಆರಿಸ್ಕೊಳಿ, ಡಾಕ್ಟ್ರೇ."