ನನ್ನ ಗಿಟಾರ್, ನನ್ನ ಗಂಡನ ದೊಡ್ಡ ಮನಸ್ಸು

ಸ್ನೇಹಿತರೇ, ಅತಿಥಿ ಈಗಷ್ಟೇ ಹೊರಟರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಮಾಗಡಿಯ ನಮ್ಮ ಮನೆಯ ಗೋಡೆಯ ಮೇಲೆ ಆರು ಗಿಟಾರ್‌ಗಳಿವೆ. ಎಲ್ಲವೂ ನಾನು ವರ್ಷಗಟ್ಟಲೆ ಹುಡುಕಿ ತಂದವು. ಒಂದಂತೂ ಚನ್ನಪಟ್ಟಣದ ಹಳೇ ಸಾಮಾನಿನ ಅಂಗಡಿಯಲ್ಲಿ ಕತ್ತು ಮುರಿದುಕೊಂಡು ಬಿದ್ದಿತ್ತು; ತಂದು ರಿಪೇರಿ ಮಾಡಿಸಿದೆ. ಗಿಟಾರಿಗೆ ಎಷ್ಟು ತಂತಿ ಎಂಬುದೂ ನನ್ನ ಗಂಡನಿಗೆ ಗೊತ್ತಿಲ್ಲ.

ಇಂದು ಮಧ್ಯಾಹ್ನ ಬಿಡದಿಯಿಂದ ಇವರ ಹಳೆಯ ಗೆಳೆಯ ಊಟಕ್ಕೆ ಬಂದಿದ್ದರು. ಗೋಡೆ ನೋಡಿದವರೇ, “ಏನ್ಲಾ, ಇಷ್ಟೊಂದು ಗಿಟಾರ್ ಮಡಗಿದ್ದೀಯಾ?” ಎಂದು ಇವರ ಬೆನ್ನು ತಟ್ಟಿದರು.

“ಒಸಿ ಹುಚ್ಚು ಕಣ್ಲಾ,” ಎಂದು ಇವರು ನಕ್ಕರು.

ಸಾರು ಬಡಿಸುತ್ತಿದ್ದ ನನ್ನ ಕೈ ನಿಂತಿತು. ಅಷ್ಟರಲ್ಲಿ ಗೆಳೆಯರು ನನ್ನತ್ತ ತಿರುಗಿ, “ಅಕ್ಕಾ, ಒಂಚೂರೂ ಧೂಳಿಲ್ಲ. ದಿನಾ ನೀವೇ ಒರೆಸ್ತೀರೇನೋ,” ಎಂದರು.

“ಒರೆಸೋದೂ ನಾನೇ, ತಂದಿದ್ದೂ ನಾನೇ, ನುಡಿಸೋದೂ ನಾನೇ,” ಎಂದೆ.

ತಮಾಷೆ ಎಂದುಕೊಂಡರು. ಸೌಟು ಕೆಳಗಿಟ್ಟು, ಕೈ ತೊಳೆದು, ಚನ್ನಪಟ್ಟಣದ್ದನ್ನೇ ಇಳಿಸಿ ಒಂದು ಹಾಡು ಪೂರ್ತಿ ನುಡಿಸಿದೆ. ಇವರು ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು.

ಗೆಳೆಯರ ಕಣ್ಣು ಅರಳಿತು. ಈಗಲಾದರೂ ನನಗೊಂದು ಒಳ್ಳೆಯ ಮಾತು ಹೇಳುತ್ತಾರೆ ಅಂದುಕೊಂಡೆ. ಅವರು ಮತ್ತೆ ಇವರ ಬೆನ್ನನ್ನೇ ತಟ್ಟಿ, “ನಿಂದು ದೊಡ್ ಮನ್ಸು ಕಣ್ಲಾ. ಹೆಂಡ್ತಿಗೆ ಇಷ್ಟೆಲ್ಲ ಮಾಡೋಕೆ ಬುಟ್ಟಿದ್ದೀಯಲ್ಲ,” ಎಂದರು.

ನನ್ನ ಗಂಡ ಅದನ್ನೂ ಬೇಡವೆನ್ನಲಿಲ್ಲ. ಬಹಳ ವಿನಯದಿಂದ, “ಆಸೆ ಪಟ್ಲು, ಮಾಡ್ಕಳ್ಲಿ ಅಂತ ಬುಟ್ಟೆ,” ಎಂದರು.

ಗಿಟಾರ್‌ಗಳು ನನ್ನವು ಎಂದು ಕೊನೆಗೂ ಇತ್ಯರ್ಥವಾಯಿತು. ಹೊಗಳಿಕೆ ಮಾತ್ರ ಇನ್ನೂ ಯಜಮಾನರ ಹೆಸರಿನಲ್ಲೇ ಇದೆ.